ಸೊಂಟದ ಮೇಲಿನ ಶ್ರೀ

ನನ್ನ ಕೆಲಸ ಮುರಿಯುವುದು. ವಿಜಯನಗರದ ನಮ್ಮ ಬೀದಿಯಲ್ಲಿ ಮಾತ್ರ ನಾನು ವಿಮಾನ ಕಟ್ಟುವ ಮೇಷ್ಟ್ರು ಎಂದೇ ಹೆಸರು. ಎದುರುಮನೆಯ ಅಜ್ಜಿ ಒಮ್ಮೆ, "ನಿಮ್ ವಿಮಾನ ಹಾರ್ತೇನಪ್ಪಾ?" ಎಂದರು. "ಇಲ್ಲ ಅಜ್ಜಿ, ಇವತ್ತೂ ಮುರೀತು" ಎಂದೆ. ಪಾಪ, ಮರುದಿನ ದೇವಸ್ಥಾನದ ಪ್ರಸಾದ ತಂದುಕೊಟ್ಟರು. ರೆಕ್ಕೆಯ ಲೋಹ ಎಷ್ಟು ಕಾಲ ಬಾಳುತ್ತದೆಂದು ತಿಳಿಯಲು ಅದನ್ನು ಸಾಯುವ ತನಕ ಎಳೆದು ಬಿಟ್ಟು, ಎಳೆದು ಬಿಟ್ಟು ನೋಡಬೇಕು ಎಂದು ವಿವರಿಸಿದ್ದರೆ ಪ್ರಸಾದ ತಪ್ಪುತ್ತಿತ್ತು. ಸುಮ್ಮನೆ ತಿಂದೆ.

ಹಾಗೆ ಎಳೆಯಲು ಬೇಕಾದ ತುಂಡುಗಳನ್ನು ಲಗ್ಗೆರೆಯ ಒಂದು ಲೇತ್ ಅಂಗಡಿಯ ಯಜಮಾನರು ಮಾಡಿಕೊಡುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ತುಂಡಿನ ಎರಡು ತುದಿ ದಪ್ಪ, ನಡುವೆ ಡಮರುಗದಂತೆ ಸಣ್ಣ ಸೊಂಟ. ಆ ಸೊಂಟ ಕನ್ನಡಿಯ ಹಾಗೆ ನುಣುಪಾಗಿರಬೇಕು. ಒಂದು ಗೀರು ಇದ್ದರೂ ಬಿರುಕು ಅಲ್ಲೇ ಹುಟ್ಟುತ್ತದೆ.

ಹತ್ತು ವರ್ಷದ ಹಿಂದೆ ಪರೀಕ್ಷೆಗೆ ಒಂದು ಹೊಸ ಲೋಹ ಬಂದಿತ್ತು. ಎರಡು ವಾರ ತಡೆಯಬೇಕಾದ ತುಂಡುಗಳು ಎರಡೇ ದಿನಕ್ಕೆ ಪಟಪಟನೆ ಮುರಿದವು. ಲೋಹವೇ ಕೆಟ್ಟದ್ದು ಎಂದು ವರದಿ ಬರೆಯಲು ಕೂತೆ. ಯಾಕೋ ಕೊನೆಗೊಮ್ಮೆ ಮುರಿದ ಎರಡು ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಜೋಡಿಸಿ ನೋಡಿದರೆ, ಅಯ್ಯೋ ಶಿವನೇ! ಸೊಂಟದ ನಟ್ಟನಡುವೆ, ಸಾಸಿವೆಯಷ್ಟು ಗಾತ್ರದಲ್ಲಿ, ಮುದ್ದಾಗಿ ಕೊರೆದ 'ಶ್ರೀ'. ಅರ್ಧ ಈ ಚೂರಿನಲ್ಲಿ, ಅರ್ಧ ಆ ಚೂರಿನಲ್ಲಿ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸ್ಕೂಟರ್ ಹತ್ತಿ ಲಗ್ಗೆರೆಗೆ ಹೋದವನೇ ಕೆಲಸಗಾರರ ಎದುರೇ ಕೂಗಾಡಿದೆ. "ರೀ, ಇದೇನು ಮದ್ವೆ ಕಾಗದಾನಾ? ಭಕ್ತಿ ಇದ್ರೆ ಮನೇಲಿ ಇಟ್ಕೊಳ್ಳಿ! ಇನ್ಮೇಲೆ ನಮ್ ಕೆಲ್ಸ ನಿಮಗಿಲ್ಲ. ನನ್ ಡ್ರಾಯಿಂಗ್ ವಾಪಸ್ ಕೊಡಿ."

ಯಜಮಾನರು ಕೈ ಒರೆಸಿಕೊಂಡು ಡ್ರಾಯರ್‌ನಿಂದ ಹಾಳೆ ತೆಗೆದು ಕೊಟ್ಟರು. ಹಾಳೆಯ ನೆತ್ತಿಯಲ್ಲಿ, ಈ ಸಲ ಚಿತ್ರದ ಸೊಂಟಕ್ಕೇ ತಗುಲಿದಂತೆ, ನನ್ನದೇ ಕೈಬರಹದ 'ಶ್ರೀ'. ಒಂದನೇ ಕ್ಲಾಸಿನಲ್ಲಿ ಅಮ್ಮ ಕಲಿಸಿದ್ದು. ಖಾಲಿ ಹಾಳೆ ಕಂಡರೆ ಕೈ ತಾನಾಗಿ ಬರೆದುಬಿಡುತ್ತದೆ.

"ನೀವೇ ಬರ್ದಿದ್ರಲ್ಲ ಸಾರ್. ಮೇಷ್ಟ್ರು ಬರ್ದಿದ್ದನ್ನ ಹೆಂಗ್ ಬಿಡೋದು? ಅಷ್ಟು ಸಣ್ಣಕ್ಕೆ ಕೆತ್ತೋಕೆ ಒಂದೊಂದಕ್ಕೂ ಅರ್ಧ ಗಂಟೆ ಆಯ್ತು" ಎಂದರು. ಇಂಗು ತಿಂದ ಮಂಗನ ಹಾಗೆ ನಿಂತೆ. ಟೀ ತರಿಸಿದರು, ಕುಡಿದೆ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ.

ಅವರ ಕೈಯಲ್ಲೇ ಮತ್ತೆ ತುಂಡು ಮಾಡಿಸಿದೆ. ಲೋಹ ಅಪ್ಪಟ ಚಿನ್ನ, ಮೂರು ವಾರ ಬಾಳಿತು. ಕಥೆ ಅದಕ್ಕಿಂತ ಹೆಚ್ಚು ಬಾಳಿತು. ಕೆಂಗೇರಿಯ ಕಾಲೇಜಿನಲ್ಲಿ ಪ್ರತಿ ವರ್ಷ ನನ್ನ ಮೊದಲ ಪಾಠಕ್ಕೆ ಅದೇ ಕಥೆ: ಭಕ್ತಿ ಉಕ್ಕಿ ವಿಮಾನದ ಲೋಹಕ್ಕೇ ಶ್ರೀಕಾರ ಹಾಕಿದ ಲೇತಿನವರು! ಹಾಳೆಯ ವಿಷಯ ನುಂಗಿಬಿಡುತ್ತಿದ್ದೆ. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಹೋದ ವರ್ಷ ನಾನು ಬೋರ್ಡಿಗೆ ತಿರುಗಿ ಚಿತ್ರ ಬರೆಯುತ್ತಿದ್ದಾಗ, ತುಂಡುಗಳ ಡಬ್ಬಿ ಕೊಡಲು ಬಂದ ಯಜಮಾನರು ಸದ್ದಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ನನಗೆ ಗೊತ್ತಿಲ್ಲ. ಕಥೆ ಮುಗಿಯಿತು, ಕ್ಲಾಸೆಲ್ಲ ನಗು. "ಯಾರು ಸಾರ್ ಆ ಮಹಾನುಭಾವ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ನಾನೇ ಕಣಮ್ಮ" ಎಂದು ಹಿಂದಿನಿಂದ ಉತ್ತರ ಬಂತು. ಯಜಮಾನರೂ ನಗುತ್ತಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು.

ನಾಚಿಕೆಯಾಯಿತು, ಹೇಳಲಾರದಷ್ಟು ನಾಚಿಕೆ. ಯಾರೂ ಕುಂಬಳಕಾಯಿ ಕಳ್ಳ ಅನ್ನದಿದ್ದರೂ ನಾನೇ ಹೆಗಲು ಮುಟ್ಟಿ ನೋಡಿಕೊಂಡೆ. ಕಾಲೇಜಿನ ನನ್ನ ರೂಮಿಗೆ ಹೋಗಿ, ಬೀರುವಿನಲ್ಲಿ ಬಚ್ಚಿಟ್ಟಿದ್ದ ಹಾಳೆ ತಂದು ಆ ಹುಡುಗಿಯ ಕೈಗೆ ಕೊಟ್ಟೆ. ಹಾಳೆ ನೋಡಿದಳು. ಬೋರ್ಡಿನ ನೆತ್ತಿಯಲ್ಲಿ ಆಗಷ್ಟೇ ನಾನು ಬರೆದಿದ್ದ 'ಶ್ರೀ'ಯನ್ನೂ ನೋಡಿದಳು.

"ಸಾರ್! ಇದು ನಿಮ್ ಅಕ್ಷರ!"

ಹುಡುಗರೆಲ್ಲ ಸೂರು ಹಾರಿಹೋಗುವಂತೆ ನಕ್ಕರು. "ತಪ್ಪಾಯ್ತು ಯಜಮಾನ್ರೇ" ಎಂದೆ, ಒಂಬತ್ತು ವರ್ಷ ತಡವಾಗಿ. ಅಷ್ಟೊತ್ತೂ ನಗುತ್ತಿದ್ದ ಯಜಮಾನರು ಈಗ ನಗಲಿಲ್ಲ. ಎದ್ದು ಬಂದು, "ಸಾಕು, ಕೊಡಮ್ಮ" ಎಂದು ಹುಡುಗಿಯ ಕೈಯಿಂದ ಹಾಳೆ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ನನ್ನ ಜೇಬಿಗೆ ಇಟ್ಟರು.