ಹಳೇ ಪ್ಲಗಿನ್ನಿನೊಳಗಿನ ಓ

ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ನನ್ನಂಥವನಿಗೆ ಲ್ಯಾಪ್‌ಟಾಪೇ ಕೊಳಲು, ಅದೇ ಕೋರಸ್ಸು. ನನ್ನದು ಹೊಸದುರ್ಗದ ಒಂದು ಛತ್ರದಲ್ಲಿ ಆರತಕ್ಷತೆಯ ನಡುವೆಯೇ ಕಣ್ಣುಮುಚ್ಚಿತು. ಮತ್ತೆ ಎದ್ದಿತು, ಆದರೆ ಇನ್ನು ನಂಬುವಂತಿರಲಿಲ್ಲ.

ಚಿತ್ರದುರ್ಗದಲ್ಲಿ ರೆಕಾರ್ಡಿಂಗ್ ರೂಮು ಇಟ್ಟಿರುವ ಗೆಳೆಯ, ಹೊಸದಾಗಿ ಆಪಲ್‌ನ ಮ್ಯಾಕ್ ತಗೋ ಎಂದ. ಕಂಪ್ಯೂಟರಿನೊಳಗೆ ಕೂರುವ ವಾದ್ಯಗಳಿಗೂ, ಅಂದರೆ ಪ್ಲಗಿನ್ನುಗಳಿಗೂ, ಜಾತಿಯುಂಟು; ಮ್ಯಾಕ್ ಆದರೆ ಎಯು ಪ್ಲಗಿನ್, ವಿಂಡೋಸ್ ಆದರೆ ವಿಎಸ್‌ಟಿ ಮೂರು ಎಂದು ಬಿಡಿಸಿ ಹೇಳಿದ. ನನಗೆ ಬೇಕಾದ, ಹಾಕಿದ ದನಿಯನ್ನು ಸ್ವರವಾಗಿಸುವ ಸಿಂಥ್ ಎರಡರಲ್ಲೂ ಇರಲಿಲ್ಲ. ಅದು ಹಳೇ ವಿಎಸ್‌ಟಿ ಎರಡರ ಕಾಲದ್ದು, ಮಾಡಿದವರೇ ಕೈಬಿಟ್ಟಿದ್ದು, ಹೊಸ ಕಂಪ್ಯೂಟರಿಗೆ ಒಗ್ಗದ್ದು. ಅದರೊಳಗೆ ನನ್ನ ಅಕ್ಕ ಇದ್ದಳು.

ತುರುವನೂರಿನ ಮನೆಯಲ್ಲಿ ಕರೆದರೆ ಅಕ್ಕ ಕುರಿ ಕೂಡುವ ರೊಪ್ಪದಿಂದಲೇ ‘ಓ’ ಅನ್ನುತ್ತಿದ್ದಳು, ಉದ್ದಕ್ಕೆ, ಸ್ವಲ್ಪ ಸಿಡುಕಿನಲ್ಲಿ. ಹೊತ್ತು ಮುಳುಗಿದ ಮೇಲೆ ಮಾತ್ರ ಹೊರಗಿನಿಂದ ಯಾರೇ ಕರೆದರೂ ಮೂರನೇ ಸಲಕ್ಕೇ ಓಗೊಡುವುದು. ಮೊದಲಿನ ಕರೆ ದೆವ್ವದ್ದೋ ಏನೋ ಎಂಬ ಭಯ ನಮ್ಮ ಕಡೆ ಈಗಲೂ ಇದೆ. ಅವಳ ಒಂದು ಓ ಅನ್ನು ತಮಾಷೆಗೆ ರೆಕಾರ್ಡ್ ಮಾಡಿ ಸಿಂಥ್‌ಗೆ ಹಾಕಿದ್ದೆ. ಯಾವ ಕೀ ಒತ್ತಿದರೂ ಆ ಸ್ವರದಲ್ಲಿ ಓ ಅನ್ನುತ್ತಿದ್ದಳು. ಜ್ವರದಲ್ಲಿ ಅವಳು ತೀರಿಹೋದ ಮೇಲೂ ಎಷ್ಟೋ ಮದುವೆಗಳಲ್ಲಿ ಹಾಡಿದಳು. ನನಗೆ ಭಯವಾಗುತ್ತಿತ್ತು, ಆದರೂ ನುಡಿಸದೆ ಇರಲಾಗುತ್ತಿರಲಿಲ್ಲ.

“ಸಾವಿರ ಕೋರಸ್ ಅವೆ, ಒಂದು ಹೋದ್ರೆ ಏನಪ್ಪ” ಎಂದ ಗೆಳೆಯನ ಮೇಲೆ ಹರಿಹಾಯ್ದೆ. ಅದು ಯಾರ ದನಿಯೆಂದು ಹೇಳಿದ ಮೇಲೆ ಅವನೂ ಮೆತ್ತಗಾದ. ಹಳೇ ಲ್ಯಾಪ್‌ಟಾಪ್ ಪೂರ್ತಿ ಕೈಕೊಡುವ ಮೊದಲು ಒಂದೊಂದೇ ಕೀ ಒತ್ತಿ ರೆಕಾರ್ಡ್ ಮಾಡಿಕೊಂಡರೆ ಆ ದನಿಗಳನ್ನು ಯಾವ ಪ್ಲಗಿನ್ನಿಗಾದರೂ ಹಾಕಬಹುದು ಎಂದ.

ಮ್ಯಾಕ್ ಕೊಂಡು ಮನೆಗೆ ಬಂದೆ. ಮಧ್ಯಾಹ್ನ ಊಟ ಮುಗಿಸಿ ಹಳೇ ಲ್ಯಾಪ್‌ಟಾಪ್ ತೆರೆದು ಕೆಳಗಿನ ಕೀಯಿಂದ ಶುರುಮಾಡಿದೆ. ಒತ್ತಿದೆ, ಓ ಅಂದಳು. ಪಕ್ಕದ್ದು ಒತ್ತಿದೆ, ಮತ್ತೆ ಓ. ಅವ್ವ ಬಂದು ಗೋಡೆಗೊರಗಿ ಕೂತಳು. ಪ್ರತಿ ಸಲವೂ ಅವಳ ಕಣ್ಣು ರೊಪ್ಪದ ಕಡೆಗೇ ಹೋಗುತ್ತಿತ್ತು. ನೋಡನೋಡುತ್ತ ಕತ್ತಲಾಯಿತು. ಅಕ್ಕ ಮಾತ್ರ ಒಂದೇ ಕರೆಗೆ ಓಗೊಡುತ್ತಲೇ ಇದ್ದಳು.

ದೀಪ ಹಚ್ಚಿ ಬಂದ ಅವ್ವ ನನ್ನ ಕೈ ಹಿಡಿದುಕೊಂಡಳು. “ಸಾಕು ಬಿಡಪ್ಪ. ಹೊತ್ತು ಮುಳುಗೈತೆ. ನೀನು ಕರದಂಗೆಲ್ಲ ಓ ಅಂತ ಕುಂತ್ರೆ, ಅವ್ಳು ಯಾವಾಗ ಹೋಗ್ಬೇಕು?”

ಹಳೇ ಲ್ಯಾಪ್‌ಟಾಪನ್ನು ಮತ್ತೆ ತೆರೆಯುವ ಧೈರ್ಯ ನನಗೆ ಬರಲಿಲ್ಲ. ಮೇಲಿನ ಕೀಗಳು ರೆಕಾರ್ಡ್ ಆಗದೆ ಹಾಗೇ ಉಳಿದವು. ಈಗ ಮದುವೆಗಳಲ್ಲಿ ಅಕ್ಕ ಕೆಳಗಿನ ಸ್ವರಗಳಲ್ಲಷ್ಟೇ ಹಾಡುತ್ತಾಳೆ. ಬೆರಳು ರೂಢಿಯಂತೆ ಮೇಲಕ್ಕೆ ಹೋದರೆ ಏನೂ ಕೇಳಿಸುವುದಿಲ್ಲ. ಆಗ ಮೂರು ಸಲ ಒತ್ತಿ ನೋಡುತ್ತೇನೆ.