ಪೋರ್ಚುಗೀಸಿನಲ್ಲಿ ‘ಬರ್ತೀನ್ರಿ’

ಸಂಡೂರಿನಲ್ಲಿ ಅದಿರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ. ನಾವು ಬಳಸುವಂಥದ್ದೇ ಯಂತ್ರವೊಂದು ಮೊಜಾಂಬಿಕ್ ದೇಶದ ಒಂದು ಗಣಿ ಊರಿಗೆ ಹೋಗಿತ್ತು. ಅದನ್ನು ನಡೆಸುವುದನ್ನು ಅಲ್ಲಿಯವರಿಗೆ ಕಲಿಸಲು ಎರಡು ತಿಂಗಳ ಮಟ್ಟಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ, ಯೋಚನೆ ಮಾಡುವ ಮೊದಲೇ ನನ್ನ ಕೈ ಮೇಲೆದ್ದಿತ್ತು.

ಚಿತ್ತವಾಡ್ಗಿಯ ಮನೆಯಲ್ಲಿ ಈ ಸುದ್ದಿ ಹೇಳಿದಾಗ ಅಪ್ಪ ಬೇಡ ಅನ್ನಲಿಲ್ಲ. ಷರತ್ತು ಮಾತ್ರ ಹಾಕಿದರು.

“ಹೋಟ್ಲಾಗ ಇರೂದು ಬ್ಯಾಡ. ಹೆಣ್ಮಕ್ಕಳಿರೋ ಮನ್ಯಾಗ, ಅವರ ಜೋಡಿ ಉಂಡ್ಕೊಂಡು ಇರೋದಾದ್ರ ಹೋಗು. ಇಲ್ಲಾಂದ್ರ ನಿನ್ನ ಸಂಡೂರೇ ಸಾಕು.”

ಅಂಥ ಮನೆ ಒಂದಿತ್ತು. ಅಲ್ಲಿಯ ಪ್ರಯೋಗಾಲಯದ ಹಿರಿಯ ಹೆಂಗಸು ಮಗಳೊಂದಿಗೆ ಇದ್ದರು, ಒಂದು ಕೋಣೆ ಖಾಲಿಯಿತ್ತು. ಆದರೆ ನನ್ನೊಂದಿಗೆ ಮಾತಾಡಿದ ಮೇಲೆಯೇ ಹೂಂ ಅನ್ನಬೇಕೋ ಬೇಡವೋ ಹೇಳುತ್ತೇನೆ ಎಂದಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನನಗೆ ಪೋರ್ಚುಗೀಸ್ ಸೊನ್ನೆ. ಕೈಯಲ್ಲಿದ್ದದ್ದು ಆರು ವಾರ.

ಕಲಿಸಿದವರು ಹಂಪಿಯ ಒಬ್ಬ ಗೈಡ್, ಅಪ್ಪನ ಗೆಳೆಯರು. ನಾನು ಕಾಕಾ ಎನ್ನುತ್ತೇನೆ. ಪೋರ್ಚುಗಲ್ಲಿನಿಂದ ಬರುವ ಪ್ರವಾಸಿಗಳಿಂದ ಅವರು ಭಾಷೆ ಕಲಿತಿದ್ದರು. ಮೊಜಾಂಬಿಕ್‌ನ ಮೇಷ್ಟ್ರು ದಂಪತಿ ಒಮ್ಮೆ ಚಳಿಗಾಲವಿಡೀ ಹಂಪಿಯಲ್ಲಿ ತಂಗಿದ್ದಾಗ ಅಲ್ಲಿಯ ಮಾತಿನ ರೀತಿಯೂ ಅವರಿಗೆ ಸಿಕ್ಕಿತ್ತು. ಬಿಸಿಲಿನ ದಿನಗಳು, ಪ್ರವಾಸಿಗಳು ಕಡಿಮೆ. ಪ್ರತಿ ಭಾನುವಾರ ಹಂಪಿ ಬಜಾರಿನ ಕಲ್ಲುಮಂಟಪವೊಂದರ ನೆರಳಿನಲ್ಲಿ ಪಾಠ.

“ಹೆದರಬ್ಯಾಡ ತಂಗಿ, ಅರ್ಧ ಭಾಷಾ ನಿನಗ ಬರ್ತೈತಿ,” ಎಂದರು ಮೊದಲ ದಿನ. “ಮೇಜಿಗೆ ಅವರು ಮೇಜಾ ಅಂತಾರ. ಚಾವಿಗೆ ಶಾವ್. ಸಾಬೂನಿಗೆ ಸಬಾಂವ್. ಪಗಾರ ಅನ್ನೂದೂ ಅವರ ಮಾತಿಂದ ಬಂದದ್ದೇ. ಮಾತು ಕೊಟ್ಟು ಹೋದ್ರು, ಪಗಾರ ಮಾತ್ರ ಕೊಡ್ಲಿಲ್ಲ.”

ದಿನಚರಿಯಲ್ಲಿ ತಾರೀಖು ಹಾಕಿ, ಬಂದ ಪದಗಳಿಗೆ ಒಂದು ಕಡೆ, ಮರೆತ ಪದಗಳಿಗೆ ಇನ್ನೊಂದು ಕಡೆ ಗೀಟು ಎಳೆಯುತ್ತಿದ್ದೆ. ಮೂರನೆಯ ಭಾನುವಾರದವರೆಗೂ ಮರೆತ ಕಡೆಯದೇ ಮೇಲುಗೈ.

ಪದಗಳಿಗಿಂತ ರೀತಿ ಬೇಗ ಹತ್ತಿತು. ತಾಯಿಯ ವಯಸ್ಸಿನವರನ್ನು ಬರೀ ಹೆಸರಿನಿಂದ ಕರೆಯಬಾರದು, ‘ಮಮಾ’ ಎನ್ನಬೇಕು. ನೇರವಾಗಿ ಕೆಲಸದ ಮಾತಿಗೆ ಇಳಿಯಬಾರದು. ಮೊದಲು ಆರೋಗ್ಯ, ಮನೆ, ಮಕ್ಕಳು. ಏನಾದರೂ ಕೊಡುವಾಗ ಬಲಗೈ ಮುಂದೆ, ಎಡಗೈ ಬಲ ಮೊಣಕೈಯನ್ನು ಮುಟ್ಟಿರಬೇಕು. ಧನ್ಯವಾದ ಹೇಳುವಾಗ ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ. ಇದನ್ನು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ಅಪ್ಪ ಪೇಪರಿನ ಹಿಂದಿನಿಂದ, “ಲೇ, ಸೊಳ್ಳಿ ಸತ್ತಾವಿಲ್ಲೋ?” ಎಂದು ಕೇಳುತ್ತಿದ್ದರು.

ನಮ್ಮ ‘ಭಾಳ’ಕ್ಕೆ ಅವರಲ್ಲಿ ‘ಮನಿಂಗೆ’. “ಪುಸ್ತಕದಾಗ ಹುಡುಕಬ್ಯಾಡ, ಬಜಾರದ ಮಾತಿದು,” ಎಂದು ಕಾಕಾ ಹೇಳಿದ್ದರು.

ವಿಡಿಯೋ ಕಾಲ್ ಶುಕ್ರವಾರ ಸಂಜೆ. ಅಲ್ಲಿ ಆಗಿನ್ನೂ ಮಧ್ಯಾಹ್ನ. ಪರದೆಯ ಮೇಲೆ ಕಂಡವರು ದಪ್ಪ ಕನ್ನಡಕದ, ತಲೆಗೆ ಹೂವಿನ ಬಟ್ಟೆ ಸುತ್ತಿದ ಗಂಭೀರ ಹೆಂಗಸು. ನಾನು ಮಮಾ ಎಂದೆ, ಆರೋಗ್ಯ ಕೇಳಿದೆ, ಮಗಳನ್ನು ವಿಚಾರಿಸಿದೆ. ಅವರು ಒಂದೊಂದೇ ಮಾತು ಬಿಡಿಸಿ ಕೇಳಿದರು, ನಾನು ತಡವರಿಸಿ ಉತ್ತರಿಸಿದೆ. ಮೀನು ತಿನ್ನುವುದಿಲ್ಲ ಎಂದಾಗ ಹುಬ್ಬು ಮೇಲೇರಿತು. ‘ಮನಿಂಗೆ’ ಎಂದಾಗ ತುಟಿಯ ಮೂಲೆ ಸ್ವಲ್ಪ ಸಡಿಲಾಯಿತು. ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಮಾತು ಮುಗಿಸುವ ಹೊತ್ತು ಬಂತು. ‘ಚಾವ್’ ಎನ್ನಬಹುದು ಎಂದು ಕಾಕಾ ಕಲಿಸಿದ್ದರು. ಆದರೆ ಅಷ್ಟು ಹಿರಿಯರಿಗೆ ತುಂಡು ಮಾತು ಎಸೆದು ಏಳಲು ಮನಸ್ಸಾಗಲಿಲ್ಲ. ಹೋಗುತ್ತೇನೆ ಎನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಹೊರಡುವವರು ‘ಇನ್ನ ಬರ್ತೀನ್ರಿ’ ಎಂದೇ ಹೊರಡುತ್ತಾರೆ. ‘ಝಾ’ ಎಂದರೆ ಇನ್ನು, ‘ವೇನ್ಯು’ ಎಂದರೆ ಬರುತ್ತೇನೆ. ಎರಡನ್ನೂ ಜೋಡಿಸಿದೆ. “ಝಾ ವೇನ್ಯು, ಮಮಾ,” ಎಂದು ಕೈಮುಗಿದು ಲ್ಯಾಪ್‌ಟಾಪ್ ಮುಚ್ಚಿದೆ.

ಸೊಗಸಾಗಿ ಮುಗಿಯಿತು ಅನ್ನಿಸಿತು. ಚಹಾ ಮಾಡಿದೆ, ಅಪ್ಪನಿಗೆ ಕೊಟ್ಟೆ, ಬಟ್ಟೆ ಮಡಚಿದೆ. ಆಮೇಲೆ ಕಾಕಾಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಒಪ್ಪಿಸಿದೆ.

“ಕಡೀಗೆ ಏನಂದಿ?”

“ಝಾ ವೇನ್ಯು ಅಂದೆ, ಕಾಕಾ.”

ಆ ಕಡೆಯಿಂದ ಕೆಮ್ಮೋ ನಗುವೋ ತಿಳಿಯದ ಒಂದು ದನಿ.

“ಯವ್ವಾ, ಹಂಗಂದ್ರ ಒಂದ್ ನಿಮಿಷ, ಈಗ ಬಂದೆ ಅಂತ ಅರ್ಥ! ಆಯಮ್ಮ ಅಲ್ಲೇ ಕುಂತಿರ್ತಾಳ ನೋಡು. ಜಲ್ದಿ ಹಚ್ಚು!”

ಅವರನ್ನು ಕೂರಿಸಿ ನಾನು ಬಟ್ಟೆ ಮಡಚಿದ್ದೆ. ಇನ್ನು ಕೋಣೆಯ ಮಾತೆಲ್ಲಿ, ಪ್ರಯಾಣದ ಮಾತೆಲ್ಲಿ? ಲ್ಯಾಪ್‌ಟಾಪ್ ತೆರೆದು ಕರೆ ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದರು. ಅದೇ ಕುರ್ಚಿ, ಅದೇ ಹೂವಿನ ಬಟ್ಟೆ. ಮಡಿಲಿನ ತಟ್ಟೆಯಲ್ಲಿ ಶೇಂಗಾ ಬಿಡಿಸುತ್ತಿದ್ದರು.

ಕರೆಂಟ್ ಹೋಗಿತ್ತೇ ಎಂದು ಕೇಳಿದರು. ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಬಾಯಿಗೆ ಬಂದದ್ದು ನಡೆದ ಸಂಗತಿಯೇ. ನಮ್ಮಲ್ಲಿ ಹೋಗುವವರು ಬರುತ್ತೇನೆ ಎನ್ನುತ್ತಾರೆ, ಹೋಗುತ್ತೇನೆ ಅಂದರೆ ಒಳ್ಳೆಯದಲ್ಲ, ತಿರುಗಿ ಬರಲಿ ಎಂಬ ಆಸೆಗೆ ಹಾಗೆ ಹೇಳುವುದು. ಇಷ್ಟನ್ನು ಹರಕು ಪೋರ್ಚುಗೀಸಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿವರಿಸಿ ಕ್ಷಮೆ ಕೇಳಿದೆ.

ಅವರು ಕನ್ನಡಕ ತೆಗೆದರು. ನೋಡುತ್ತ ನೋಡುತ್ತ ಭುಜ ಕುಲುಕತೊಡಗಿತು. ಮಗಳನ್ನು ಕೂಗಿ ಕರೆದು ಅವಳಿಗೂ ಹೇಳಿ, ಇಬ್ಬರೂ ನಕ್ಕರು.

ಹಿಂದೆ ಬಂದಿದ್ದ ಅತಿಥಿ ಯಾವಾಗಲೂ ಬಾಗಿಲು ಹಾಕಿಕೊಂಡೇ ಇರುತ್ತಿದ್ದಳಂತೆ. ಯಾವಾಗ ಹೋದಳು, ಯಾವಾಗ ಬಂದಳು ಒಂದೂ ತಿಳಿಯುತ್ತಿರಲಿಲ್ಲ. ಅದಕ್ಕೇ ಇನ್ನು ಯಾರೂ ಬೇಡ ಅಂದುಕೊಂಡಿದ್ದರಂತೆ. ಈಗ ಹೇಳಿದರು: ಕೋಣೆ ಖಾಲಿ ಇದೆ, ನೀನು ಇರು. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದ್ದವರು ಆ ಮಾತಿಗೆ ಏಕವಚನಕ್ಕೆ ಇಳಿದಿದ್ದರು. ಏಕವಚನ ಕೇಳಿ ಅಷ್ಟು ಹಗುರಾದದ್ದು ಜೀವನದಲ್ಲಿ ಅದೇ ಮೊದಲು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. “ಏನಂತಾರ?”

“ಇರು ಅಂದ್ರು.”

ಅಪ್ಪ ಒಳಬಂದು ಪರದೆಗೆ ಕೈಮುಗಿದರು. “ಊಟ ಆತೇನ್ರಿ ಅಂತ ಕೇಳು.”

ಕೇಳಿದೆ. ಇನ್ನೂ ಇಲ್ಲವಂತೆ. ಈಗ ಬರುತ್ತೇನೆ ಎಂದವಳು ಬರಲಿ ಎಂದು ಅನ್ನ ಮುಚ್ಚಿಟ್ಟಿದ್ದರಂತೆ. ಅಪ್ಪನಿಗೆ ಹೇಳಿದೆ.

“ಅಯ್ಯ ಶಿವನೇ, ನಿನ್ನ ದೆಸಿಯಿಂದ ಉಪಾಸ ಕುಂತಾರ! ಕ್ವಾಣಿ ಎಲ್ಲೂ ಓಡಿ ಹೋಗೂದಿಲ್ಲ, ಮೊದ್ಲು ಉಣ್ಣಾಕ ಹೇಳಲೇ ಅವರಿಗೆ.”