ಶಾಂತವ್ವನ ಮನೆಯ ಹೆಪ್ಪು

ಚೆಂಬೂರಿನ ಗುಡ್ಡದ ಒಣಹುಲ್ಲಿಗೆ ಹತ್ತಿದ ಬೆಂಕಿ ಕೆಳಗಿನ ಗುಡಿಸಲುಗಳನ್ನೂ ನುಂಗಿತ್ತು. ಮನೆ ಕಳೆದುಕೊಂಡವರಿಗೆ ಶಾಲೆಯೊಂದರಲ್ಲಿ ಸಾಮಾನು ಹಂಚುವ ಕೆಲಸ ನನ್ನದು.

"ಇನ್ನೇನು ಬೇಕಮ್ಮಾ?" ಎಂದು ವಿಜಯಪುರದ ಕಡೆಯ ಶಾಂತವ್ವನನ್ನು ಕೇಳಿದೆ.

"ಹಾಲು ಕೊಟ್ಟೀರಿ. ಒಂಚೂರು ಹೆಪ್ಪ ಬೇಕ್ರಿ."

ಅಂಗಡಿಯ ಮೊಸರು ತಂದುಕೊಟ್ಟೆ. ಮೂಸಿ ನೋಡಿ, "ನಮ್ಮ ಮನೀದು ಹಿಂಗಿರ್ತಿರಲಿಲ್ರಿ" ಎಂದು ಬದಿಗಿಟ್ಟಳು.

ಸಂಜೆ ಅವಳು ಪಾತ್ರೆ ತೊಳೆಯುವ ಮನೆಯ ಅಕ್ಕ ಡಬ್ಬಿ ಹಿಡಿದು ಬಂದರು. ಹಿಂದೊಮ್ಮೆ ಶಾಂತವ್ವ ಕೊಟ್ಟಿದ್ದ ಹೆಪ್ಪಿನಿಂದಲೇ ಅವರ ಮನೆಯಲ್ಲಿ ಇಂದಿಗೂ ಮೊಸರಾಗುತ್ತಿತ್ತಂತೆ.

ಶಾಂತವ್ವ ಮೂಸಿದಳು, ಕಣ್ಣು ತುಂಬಿಕೊಂಡಳು, ಡಬ್ಬಿ ವಾಪಸ್ ಕೊಟ್ಟಳು. "ದೀಪ ಹಚ್ಚಿದ ಮ್ಯಾಲೆ ಹೆಪ್ಪ ಕೊಡಬಾರದ್ರಿ ಅಕ್ಕಾರ, ನಿಮ್ಮ ಮನಿ ಲಕ್ಷ್ಮಿ ಹೋಗ್ತಾಳ."

ಅಲ್ಲಿದ್ದ ದೀಪವೆಂದರೆ ಒಂದು ಟ್ಯೂಬ್‌ಲೈಟ್. ಎದ್ದು ಹೋಗಿ ಆರಿಸಿದೆ. ಇಡೀ ಕೋಣೆ ನನಗೆ ಬೈಯಿತು. ಶಾಂತವ್ವ ಮಾತ್ರ ಕತ್ತಲಲ್ಲಿ ಡಬ್ಬಿಗೆ ಕೈ ಚಾಚಿದಳು.